ಮೇಣದ ಹಲ್ಲು

ನಮ್ಮಂಥವರ ಮನೆಗಳಲ್ಲಿ ಹಲ್ಲುನೋವನ್ನು ಯಾರೂ ಕಾಯಿಲೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜ್ವರ ಬಂದರೆ ಮಲಗಬಹುದು, ವಾಂತಿಭೇದಿಯಾದರೆ ರಜೆ ಕೇಳಬಹುದು. ಹಲ್ಲುನೋವು ಅಂದರೆ ಮಾತ್ರ ಲವಂಗ ಇಟ್ಟುಕೋ, ಉಪ್ಪುನೀರು ಮುಕ್ಕಳಿಸು, ಕೆಲಸಕ್ಕೆ ನಡೆ. ನಾನು ರಾಜಾಜಿನಗರದ ಒಂದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಲ್ಲುವವಳು. ಕೆನ್ನೆ ಊದಿಸಿಕೊಂಡು ಬರುವವರನ್ನು ದಿನವೂ ನೋಡುತ್ತೇನೆ. ಡೆಲಿವರಿ ಹುಡುಗರು ಹೆಲ್ಮೆಟ್ ಕೂಡ ತೆಗೆಯದೆ, ಹಲ್ಲಿಗೆ ಏನಾದರೂ ಕೊಡಿ ಅಕ್ಕ ಅನ್ನುತ್ತಾರೆ. ಅದೇ ರಸ್ತೆಯಲ್ಲಿ ಡೆಂಟಲ್ ಕ್ಲಿನಿಕ್ಕುಗಳಿಗೇನೂ ಬರವಿಲ್ಲ. ಗಾಜಿನ ಬಾಗಿಲು, ಒಳಗೆ ಎಸಿ, ಹೊರಗೆ ಹಲ್ಲು ಕಿಸಿದ ಯಾವುದೋ ದೇಶದ ಹೆಂಗಸಿನ ಫೋಟೊ. ಆ ಬಾಗಿಲು ತಳ್ಳುವ ಧೈರ್ಯ ಇದ್ದವರು ನನ್ನ ಕೌಂಟರಿಗೆ ಬರುವುದಿಲ್ಲ. ನನ್ನ ಹತ್ತಿರ ಬರುವವರಿಗೆ ನೋವಿನ ಮಾತ್ರೆಯೇ ಡಾಕ್ಟರು.

ನಮ್ಮವ್ವನಿಗೂ ವರ್ಷಗಟ್ಟಲೆ ಆ ಮಾತ್ರೆಯನ್ನೇ ತಂದುಕೊಟ್ಟಿದ್ದೇನೆ. ಅವ್ವ ಗದಗದ ಕಡೆಯವಳು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಕರೆದುಕೊಂಡು ಬೆಂಗಳೂರಿಗೆ ಬಂದು, ವಿಜಯನಗರದ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದಳು. ಇವತ್ತಿಗೂ ಅಲ್ಲೇ ಇದ್ದಾಳೆ. ನಾವಿಬ್ಬರು ಇರುವುದು ಹೇರೋಹಳ್ಳಿಯಲ್ಲಿ, ಮಳೆ ಬಂದರೆ ಆಟೋದವರು ಒಳಗೆ ಬರಲು ಒಪ್ಪದ ಒಂದು ಕ್ರಾಸಿನಲ್ಲಿ. ಅವ್ವ ಬಡಿದ ಖಡಕ್ ರೊಟ್ಟಿಗೆ ಬಾಗಲಕೋಟೆ, ಬಿಜಾಪುರದ ಹುಡುಗರು ಊರಿಗೆ ಹೋಗಿ ಬಂದಷ್ಟು ಸಂತೋಷಪಡುತ್ತಾರೆ. ಅದನ್ನು ಬಡಿದವಳು ಮಾತ್ರ ಅದೇ ರೊಟ್ಟಿಯನ್ನು ಮುರಿದು, ಸಾರಿನಲ್ಲಿ ನೆನೆಹಾಕಿ, ಗಂಜಿಯಾದ ಮೇಲೆ ನುಂಗುತ್ತಾಳೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತ ಗಾದೆ ಮಾಡಿದವರು ಹೊಟ್ಟೆ ತುಂಬಿದವರಿರಬೇಕು. ಎರಡೂ ಇಲ್ಲದವರ ನೆನಪು ಅವರಿಗೆ ಬರಲಿಲ್ಲ.

ಅವ್ವನ ಕೆಳಗಿನ ಹಲ್ಲುಗಳು ಒಂದೊಂದಾಗಿ ಹೋಗಿದ್ದವು. ನೋವು ಬಂದಾಗ ಸುಟ್ಟ ತಂಬಾಕಿನ ಪುಡಿ ತಿಕ್ಕುವುದು ಅವಳು ತವರಿನಿಂದ ಕಲಿತ ಔಷಧ. ನೋವು ಮರಗಟ್ಟುತ್ತಿತ್ತು, ಹಲ್ಲು ಒಳಗೇ ಅಲ್ಲಾಡುತ್ತಿತ್ತು. ತಡೆಯಲಾರದೆ ಹೋದಾಗ ಬಾಪೂಜಿ ನಗರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೀಳಿಸಿಕೊಂಡು ಬರುತ್ತಿದ್ದಳು. ಆದರೆ ಮೇಲಿನ ಸಾಲನ್ನು ಮುಟ್ಟಗೊಡುತ್ತಿರಲಿಲ್ಲ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಅನ್ನುವುದು ಅವಳ ನಂಬಿಕೆ. ಅದೆಲ್ಲ ಸುಳ್ಳು ಅಂತ ನಾನು ಎಷ್ಟು ಸಲ ಹೇಳಿದರೂ, ಹೆಂಚಿನ ಮುಂದೆ ಕೂರುವವಳು ನಾನು, ಕಣ್ಣು ಹೋದರೆ ಬೆಂಕಿಗೆ ಕೈ ಹಾಕುವವಳೂ ನಾನೇ ಅಂತ ಬಾಯಿ ಮುಚ್ಚಿಸುತ್ತಿದ್ದಳು. ಹೀಗಾಗಿ ಮೇಲೆ ಮುಂದಿನ ಕೆಲವು ಹಲ್ಲು, ಜೊತೆಗೆ ಎರಡೂ ಕೋರೆಹಲ್ಲು, ಕಲ್ಲಿನಂತೆ ಗಟ್ಟಿಯಾಗಿ ಉಳಿದಿದ್ದವು. ಮೇಲಿನ ಹಲ್ಲು, ಕೆಳಗಿನ ಒಸಡು, ಅವೆರಡರ ನಡುವೆ ಮೆಣಸಿನಕಾಯಿಯ ತುದಿ ಕಚ್ಚುವಷ್ಟು, ಸೌತೆಕಾಯಿ ಕೊರೆಯುವಷ್ಟು ಅವಳಿಗೆ ಸಾಗುತ್ತಿತ್ತು.

ಹಲ್ಲು ಕಟ್ಟಿಸುವುದಕ್ಕೆ ನಾವು ಪ್ರಯತ್ನ ಪಡಲಿಲ್ಲ ಅಂತಲ್ಲ. ಬಸವೇಶ್ವರನಗರದ ಒಂದು ಕ್ಲಿನಿಕ್ಕಿನಲ್ಲಿ ಹೇಳಿದ ರೇಟು ಕೇಳಿ ಅವ್ವ ಚಪ್ಪಲಿ ಹಾಕಿಕೊಳ್ಳಲು ಎದ್ದೇಬಿಟ್ಟಳು. ನಾವು ಹೋದ ಸರ್ಕಾರಿ ಆಸ್ಪತ್ರೆಯಲ್ಲಿ ಕೀಳುವುದು ಪುಕ್ಕಟೆ, ಕಟ್ಟುವುದಕ್ಕೆ ಸಾಮಾನು ಬಂದಿಲ್ಲ ಅಂದರು. ರೇಷನ್ ಕಾರ್ಡು ತೋರಿಸಿದರೆ, ಹಾರ್ಟಿಗಾದರೆ ನಡೆಯುತ್ತದೆ, ಹಲ್ಲಿಗೆ ಬರಲ್ಲ ಅಂದರು. ಬಡವರ ಹೃದಯದ ಮೇಲೆ ಇರುವ ಕಾಳಜಿ ಬಡವರ ಬಾಯಿಯ ಮೇಲೆ ಯಾಕಿಲ್ಲ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಬಾಯಿ ಇದ್ದರೆ ಕೇಳುತ್ತಾರೆ ಅಂತಲೋ ಏನೋ.

ಆಮೇಲೆ ನಮ್ಮ ಏರಿಯಾಕ್ಕೆ ಒಂದು ಡೆಂಟಲ್ ಕಾಲೇಜಿನ ಬಸ್ಸು ಬಂತು. ಉಚಿತ ತಪಾಸಣಾ ಶಿಬಿರ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ಬಿಳಿ ಕೋಟಿನ ಹುಡುಗ ಹುಡುಗಿಯರು ಎಲ್ಲರ ಬಾಯಿಗೂ ಟಾರ್ಚು ಬಿಟ್ಟರು. ಶಿಬಿರದಲ್ಲಿ ಯಾರಿಗೂ ಏನೂ ವಾಸಿಯಾಗಲಿಲ್ಲ. ಎಲ್ಲರಿಗೂ ಕಾಲೇಜಿಗೆ ಬನ್ನಿ ಅಂದು, ಒಂದೊಂದು ಬ್ರಶ್ಶು, ಪುಟ್ಟ ಪೇಸ್ಟು ಕೊಟ್ಟರು. ಕೆಳಗೆ ಒಂದೂ ಹಲ್ಲಿಲ್ಲದ ಅವ್ವನಿಗೂ ಕೊಟ್ಟು, ದಿನಕ್ಕೆರಡು ಸಲ ಉಜ್ಜಿ ಅಂದರು. ಅವ್ವ ಹೂಂ ಅಂದು ಸೆರಗಿಗೆ ಕಟ್ಟಿಕೊಂಡಳು. ನಾನಾಗಿದ್ದರೆ ಅಲ್ಲೇ ವಾಪಸ್ಸು ಕೊಟ್ಟು ಬರುತ್ತಿದ್ದೆ.

ಅಲ್ಲಿದ್ದ ಒಬ್ಬ ಹುಡುಗಿ ಮಾತ್ರ ಅವ್ವನನ್ನು ಬಿಡಲಿಲ್ಲ. ಕೊನೆಯ ವರ್ಷದವಳು, ತೆಳ್ಳಗೆ, ಮೆತ್ತನೆ ಮಾತು. ಅವ್ವನ ಬಾಯಿ ನೋಡಿ, ಒಸಡನ್ನು ಬೆರಳಿನಿಂದ ಒತ್ತಿ, ಫೋನ್ ನಂಬರು ತೆಗೆದುಕೊಂಡಳು. ಮಾರನೆಯ ದಿನದಿಂದಲೇ ಫೋನು ಶುರು. ಪೂರ್ತಿ ಸೆಟ್ಟು, ಮೇಲಿನದೂ ಕೆಳಗಿನದೂ, ಒಂದು ಪೈಸೆ ಇಲ್ಲದೆ ತಾನೇ ಮಾಡಿಕೊಡುತ್ತೇನೆ ಅಂದಳು. ಒಂದೇ ಷರತ್ತು, ಮೇಲೆ ಉಳಿದಿರುವ ಹಲ್ಲುಗಳನ್ನು ತೆಗೆಸಬೇಕು. ಅರ್ಧ ಸೆಟ್ಟಾದರೆ ಅದು ಬೇರೆ ವಿಭಾಗ, ಅಲ್ಲಿ ದುಡ್ಡು ಕಟ್ಟಬೇಕು. ಪೂರ್ತಿ ಬೋಳಾದ ಬಾಯಿಗೆ ಮಾತ್ರ ಪುಕ್ಕಟೆ.

ಯಾಕೆ ಹಾಗೆ ಅನ್ನುವುದು ಆಗ ನಮಗೆ ಗೊತ್ತಿರಲಿಲ್ಲ, ಆಮೇಲೆ ತಿಳಿಯಿತು. ಕೊನೆಯ ಪರೀಕ್ಷೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದೂ ಹಲ್ಲಿಲ್ಲದ ಒಬ್ಬ ಮನುಷ್ಯನನ್ನು ಕರೆತಂದು, ಪರೀಕ್ಷಕರ ಮುಂದೆ ಕೂರಿಸಿ, ಹಲ್ಲು ಜೋಡಿಸಿ ತೋರಿಸಬೇಕಂತೆ. ಅಂಥವರನ್ನು ಹುಡುಕುವುದು ಅವರ ಪಾಡು. ಸಿಕ್ಕವರನ್ನು ಇನ್ನೊಬ್ಬರು ಹಾರಿಸಿಕೊಂಡು ಹೋಗದಂತೆ ಕಾಯುವುದೂ ಅವರ ಪಾಡೇ.

ಅವ್ವ ಬಹಳ ಯೋಚಿಸಿದಳು. ಹಿಟ್ಟು ನಾದುತ್ತಾ ಯೋಚಿಸಿದಳು, ಬಸ್ಸಿನಲ್ಲಿ ಯೋಚಿಸಿದಳು. ಕೊನೆಗೆ ಆ ಹುಡುಗಿಯನ್ನೇ ಕಣ್ಣಿನ ವಿಷಯ ಕೇಳಿದಳು. ಹುಡುಗಿ ನಗಲಿಲ್ಲ. ನಮ್ಮಜ್ಜಿಗೂ ಎಲ್ಲಾ ತೆಗೆಸಿದೀವಿ ಅಮ್ಮ, ಈಗಲೂ ಸೂಜಿಗೆ ದಾರ ಪೋಣಿಸ್ತಾರೆ ಅಂದಳು. ನನ್ನ ಮಾತಿಗೆ ಕರಗದ ಅವ್ವ ಆ ಮಾತಿಗೆ ಕರಗಿದಳು. ಕೀಳಿಸುವುದಕ್ಕೆ ಸೋಮವಾರವೇ ಆಗಲಿ ಅಂದಳು. ಸೋಮವಾರ ಶಿವನ ದಿನ, ಮೇಲಾಗಿ ಅವಳಿಗೆ ಒಪ್ಪತ್ತು. ಹೇಗೂ ಒಂದೇ ಹೊತ್ತು ಉಣ್ಣುವ ದಿನ ಬಾಯಿ ನೋಯಿಸಿಕೊಂಡರೆ ನಷ್ಟವಿಲ್ಲ ಅನ್ನುವ ಲೆಕ್ಕ ಅವಳದು. ಹಣೆಗೆ ವಿಭೂತಿ ಹಚ್ಚಿಕೊಂಡು ಹೋಗಿ ಕುರ್ಚಿಯಲ್ಲಿ ಕೂತಳು. ಕೋರೆಹಲ್ಲುಗಳು ಸುಲಭಕ್ಕೆ ಬರಲಿಲ್ಲ. ಕೀಳುತ್ತಿದ್ದ ಹುಡುಗ ಬೆವರಿದ, ಅವನ ಸರ್ ಬಂದು ಕೈ ಹಾಕಿದರು. ಇಷ್ಟು ಗಟ್ಟಿಯಾಗಿರುವ ಹಲ್ಲನ್ನು ಯಾಕೆ ಕೀಳುತ್ತಿದ್ದೀರಿ ಅಂತ ಆ ಕೋಣೆಯಲ್ಲಿ ಒಬ್ಬರೂ ಕೇಳಲಿಲ್ಲ. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಗಾಯ ಮಾಯುವುದಕ್ಕೆ ಇನ್ನಷ್ಟು ದಿನ ಬಿಡಬೇಕಿತ್ತಂತೆ. ಪರೀಕ್ಷೆ ಹತ್ತಿರ ಬಂದಿತ್ತು, ಬಿಡಲಿಲ್ಲ. ಬಾಯಿ ತುಂಬ ಒಸಡಿನ ಅಳತೆ ತೆಗೆಯುವ ಹಿಟ್ಟು ತುಂಬಿದರು, ಅವ್ವ ಓಕರಿಸಿದಳು, ಮತ್ತೆ ತುಂಬಿದರು. ಆ ದಿನಗಳಲ್ಲೆಲ್ಲ ಅವಳ ಕೂಲಿ ಹೋಯಿತು. ಖಾನಾವಳಿಯ ಸಾಹುಕಾರ ಗೊಣಗಿದ. ಆದರೆ ಆ ಹುಡುಗಿಯ ಉಪಚಾರ ಹೇಳತೀರದು. ಮೋಸಂಬಿ ಜ್ಯೂಸು ತರುವಳು, ಆಟೋ ಬುಕ್ ಮಾಡುವಳು, ಸಂಜೆ ಫೋನ್ ಮಾಡಿ ಊಟ ಆಯ್ತಾ ಅಮ್ಮ ಅಂತ ವಿಚಾರಿಸುವಳು. ನಾನು ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಊಟ ಆಯ್ತಾ ಅಂತ ಕೇಳುವಷ್ಟು ಹೊತ್ತಿಗೆ ಮನೆಗೇ ಬಂದಿರುತ್ತಿರಲಿಲ್ಲ. ಅವ್ವ ಆ ಹುಡುಗಿಗೆ ಶೇಂಗಾ ಚಟ್ನಿಪುಡಿ ಕುಟ್ಟಿ ಡಬ್ಬಿ ತುಂಬಿ ಕಳಿಸಿದಳು. ಖಾನಾವಳಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಹಲ್ಲು ಬಂದ ದಿನ ಮೊದಲು ಏನು ತಿನ್ನುತ್ತೀಯ ಅಂತ ಯಾರೋ ಕೇಳಿದ್ದಕ್ಕೆ, ನಾನು ಬಡಿದದ್ದನ್ನು ನಾನೇ ಕಟಕ್ಕನೆ ಕಡಿಯಬೇಕು ಅಂದಳಂತೆ.

ಪರೀಕ್ಷೆಯ ದಿನ ಬೆಳಿಗ್ಗೆ ಹುಡುಗಿ ತಾನೇ ಆಟೋ ತೆಗೆದುಕೊಂಡು ನಮ್ಮ ಕ್ರಾಸಿಗೆ ಬಂದಳು. ಕೈಯಲ್ಲಿ ಇಡ್ಲಿ ಪೊಟ್ಟಣ. ನಾನೂ ರಜೆ ಹಾಕಿ ಜೊತೆಗೆ ಹೋದೆ. ಕಾಲೇಜಿನ ಆ ದೊಡ್ಡ ಹಾಲಿನಲ್ಲಿ ಸಾಲಾಗಿ ಕುರ್ಚಿಗಳು, ಪ್ರತಿ ಕುರ್ಚಿಯಲ್ಲೂ ಒಬ್ಬ ಬೊಚ್ಚುಬಾಯಿಯ ಮುದುಕನೋ ಮುದುಕಿಯೋ. ಪಕ್ಕದ ಕುರ್ಚಿಯವರು ಬ್ಯಾಡರಹಳ್ಳಿಯವರು, ವಾಚ್‌ಮನ್ ಕೆಲಸ. ಅವರನ್ನು ಕರೆತಂದ ಹುಡುಗ ಅವರಿಗೆ ನೀರು ಕುಡಿಸಿ ಬಾಯಿ ಒರೆಸುತ್ತಿದ್ದ. ಕನ್ಯೆ ನೋಡಲು ಬರುವವರಿಗೆ ಕಾದಂತೆ ಎಲ್ಲರೂ ಪರೀಕ್ಷಕರಿಗೆ ಕಾದೆವು.

ಹುಡುಗಿ ಗುಲಾಬಿ ಬಣ್ಣದ ಎರಡು ಸೆಟ್ಟು ತಂದು ಅವ್ವನ ಬಾಯಲ್ಲಿ ಇಟ್ಟಳು. ಹಲ್ಲು ಹಲ್ಲಿನಂತೆಯೇ ಇದ್ದವು, ಅವನ್ನು ಕೂರಿಸಿದ ಒಸಡು ಮಾತ್ರ ಮೇಣದ್ದು. ಒಳಗೆ ಸೇರಿದ್ದ ಅವ್ವನ ಕೆನ್ನೆ ಹೊರಗೆ ಬಂತು, ತುಟಿ ನಿಂತಿತು. ಕನ್ನಡಿ ಕೊಟ್ಟರು. ಅವ್ವ ನೋಡಿಕೊಂಡು ಕೆನ್ನೆ ಸವರಿಕೊಂಡಳು. ನನಗೆ ಅಳು ಬಂತು, ಮುಚ್ಚಿಕೊಳ್ಳಲಿಲ್ಲ. ನಾನು ಸಣ್ಣವಳಿದ್ದಾಗ ಕಂಡ ಅವ್ವ ಅವಳು. ಪರೀಕ್ಷಕರು ಬಂದು ಐವತ್ತರಿಂದ ಅರವತ್ತರವರೆಗೆ ಎಣಿಸಿ ಅಂದರು. ಅವ್ವ ಎಣಿಸಿದಳು, ಒಂದು ಅಕ್ಷರವೂ ಗಾಳಿಗೆ ಹೋಗಲಿಲ್ಲ. ಅವರು ತಲೆಯಾಡಿಸಿ, ಇಂಗ್ಲಿಷಿನಲ್ಲಿ ಏನೋ ಅಂದು ಮುಂದಿನ ಕುರ್ಚಿಗೆ ಹೋದರು. ಹುಡುಗಿಯ ಮುಖ ಅರಳಿತು. ಬಾಯಿಯ ಬಿಸಿಗೆ ಮೇಣ ಮೆತ್ತಗಾಗುತ್ತೆ ಅಂತ ಸೆಟ್ಟನ್ನು ಮೆಲ್ಲಗೆ ತೆಗೆದು ನೀರಿನ ಬಟ್ಟಲಿಗೆ ಹಾಕಿದಳು. ಇನ್ನೊಂದೇ ಸ್ಟೆಪ್ಪು ಅಮ್ಮ, ಎಗ್ಸಾಮ್ ಮುಗೀಲಿ, ಮೇಣ ತೆಗೆದು ಪ್ಲಾಸ್ಟಿಕ್ ಹಾಕಿ ಗಟ್ಟಿ ಮಾಡಿ ಕೊಡ್ತೀನಿ ಅಂದಳು. ವಾಪಸ್ಸು ಬರುವಾಗ ಆಟೋ ಇರಲಿಲ್ಲ. ನಾವು ಎರಡು ಬಸ್ಸು ಬದಲಾಯಿಸಿ ಬಂದೆವು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ನಮ್ಮದು ಬಾಯಿಗೇ ಬಂದು ವಾಪಸ್ಸು ಹೋಯಿತು. ಊಟ ಆಯ್ತಾ ಅಂತ ಕೇಳುವ ಫೋನು ನಿಂತಿತು. ನಾವು ಮಾಡಿದರೆ ಮೊದಲು ರಿಸಲ್ಟ್ ಬರಲಿ ಅಂದಳು, ಆಮೇಲೆ ಊರಲ್ಲಿದ್ದೇನೆ ಅಂದಳು, ಆಮೇಲೆ ಎತ್ತಲಿಲ್ಲ. ನಾನೇ ಕಾಲೇಜಿಗೆ ಹೋದೆ. ಕೌಂಟರಿನಲ್ಲಿದ್ದವರು ಕಂಪ್ಯೂಟರು ನೋಡಿ, ಈ ಕೇಸು ಮುಗಿದಿದೆಯಲ್ಲ ಅಂದರು. ಬಾಯಿ ಖಾಲಿ ಇದೆ ಅಂದೆ. ಆ ಬ್ಯಾಚು ಹೋಯಿತು, ಗಟ್ಟಿ ಮಾಡಿಸುವುದಾದರೆ ಲ್ಯಾಬ್ ಚಾರ್ಜು ಕಟ್ಟಿ ಅಂದರು. ಒಳಗಿನ ಡಾಕ್ಟರೊಬ್ಬರು ಅವ್ವನನ್ನು ಕರೆಸಿ ನೋಡಿ, ಕಿತ್ತ ಜಾಗದ ಒಸಡು ಇಳಿದಿದೆ, ಆ ಅಳತೆ ಈಗ ಕೂರುವುದಿಲ್ಲ, ಮೊದಲಿನಿಂದ ಮಾಡಬೇಕು ಅಂದರು. ಹಾಗಾದರೆ ಆ ಸೆಟ್ಟು ಎಲ್ಲಿ ಅಂತ ಕೇಳಿದೆ. ಪರೀಕ್ಷೆ ಮುಗಿದ ಮೇಲೆ ಮೇಣ ಕರಗಿಸಿ ಹಲ್ಲು ಬಿಡಿಸಿಕೊಳ್ಳುತ್ತಾರಂತೆ, ಮುಂದಿನವರು ಕಲಿಯುವುದಕ್ಕೆ.

ಆ ಹುಡುಗಿ ಕೆಟ್ಟವಳು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ, ಬಂದಿದ್ದರೆ ಹಗುರವಾಗುತ್ತಿತ್ತು. ಅವಳಿಗೂ ಫೇಲಾಗುವ ಭಯವಿತ್ತು. ಪಾಸಾಗುವುದಕ್ಕೆ ಮೇಣ ಸಾಕು ಅಂತ ವ್ಯವಸ್ಥೆಯೇ ಹೇಳಿಕೊಟ್ಟ ಮೇಲೆ ಅವಳೇಕೆ ಮುಂದೆ ಹೋದಾಳು? ಈಗ ಎಲ್ಲಿಯೋ ಗಾಜಿನ ಬಾಗಿಲಿನ ಹಿಂದೆ ಕೂತಿರಬಹುದು. ಅವ್ವ ಈಗ ಮೆಣಸಿನಕಾಯಿ ಕಚ್ಚುವುದಿಲ್ಲ, ಸೌತೆಕಾಯಿ ಮುಟ್ಟುವುದಿಲ್ಲ. ರೊಟ್ಟಿ ನೆನೆಯಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕು. ಖಾನಾವಳಿಯಲ್ಲಿ ಹಲ್ಲು ಎಲ್ಲಿ ಅಂತ ಕೇಳಿದವರಿಗೆ ಇನ್ನೂ ಮಾಡುತ್ತಿದ್ದಾರೆ ಅನ್ನುತ್ತಾಳೆ.

ಹೋದ ವಾರ ಭಾನುವಾರ ಮಧ್ಯಾಹ್ನ ಅವ್ವನ ಫೋನು ಬಡಿದುಕೊಂಡಿತು. ನಾನೇ ಎತ್ತಿದೆ. ಹೊಸ ದನಿ, ಹೊಸ ಹುಡುಗಿ. ಸೀನಿಯರ್ ಒಬ್ಬರು ನಂಬರ್ ಕೊಟ್ಟರಂತೆ, ಅಮ್ಮನ ಒಸಡು ತುಂಬ ಚೆನ್ನಾಗಿದೆಯಂತೆ, ಹೇಳಿದ ಹಾಗೆ ಕೇಳುತ್ತಾರಂತೆ. ಈ ವರ್ಷದ ಪರೀಕ್ಷೆಗೆ ಅವರೇ ಬೇಕು, ಪೂರ್ತಿ ಸೆಟ್ಟು ಫ್ರೀ. ನನ್ನ ತಲೆಗೆ ರಕ್ತ ಏರಿತು. ಬಾಯಿಗೆ ಬಂದದ್ದೆಲ್ಲ ಬೈದೆ. ಮನುಷ್ಯರ ಬಾಯಿ ಅಂದ್ರೆ ನಿಮಗೆ ಸ್ಲೇಟಾ, ಬರೆದು ಒರೆಸೋಕೆ ಅಂದೆ. ಅಷ್ಟರಲ್ಲಿ ಅವ್ವ ಎದ್ದು ಬಂದು ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ತಾನೂ ಬೈಯುತ್ತಾಳೆ ಅಂದುಕೊಂಡೆ. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, ಸಾವಕಾಶವಾಗಿ ಮಾತಾಡಿದಳು.

"ಹೆದರಬ್ಯಾಡ ಯವ್ವಾ. ಈ ಸಲ ನಿನಗ ತ್ರಾಸಿಲ್ಲ, ನನ್ನ ಬಾಯಾಗ ಕೀಳಾಕ ಏನೂ ಉಳದಿಲ್ಲ. ಯಾವಾಗ ಬರ್ಲಿ ಹೇಳು."