ಶೇಂಗಾ ಹಿಂಡಿಯ ಡಬ್ಬಿಯೂ ನನ್ನ ಮೌನವ್ರತವೂ

ನೀಲಮ್ಮ ಅಕ್ಕನ ಹಲ್ಲಿನ ದುಡ್ಡಿನ ಗುಟ್ಟನ್ನು ಹೊರಗೆ ಹಾಕಿದವನು ನಾನು. ಅವಳ ಸೊಸೆ ಸುಜಾತಾ ಅಲ್ಲ. ಈ ಎರಡು ವಾಕ್ಯ ಏಳು ವರ್ಷ ನನ್ನ ಬಾಯಿಂದ ಹೊರಬೀಳಲಿಲ್ಲ — ಆ ಬಾಯಿ ಎಷ್ಟು ದೊಡ್ಡದು ಎಂಬುದನ್ನು ಬಸವಕಲ್ಯಾಣದ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ನಾನು ಆ ಗುಟ್ಟನ್ನು ಆಡಿದ್ದು ಹುಮನಾಬಾದಿನಲ್ಲಿ, ಮೈನುದ್ದೀನ್ ಚಾಚಾನ ಸಗಟು ಬಳೆ ಅಂಗಡಿಯಲ್ಲಿ, ಶ್ರಾವಣದ ಒಂದು ಗುರುವಾರ ಮಧ್ಯಾಹ್ನ. ಇದ್ದವರು ಮೂವರೇ. ಗಾದಿಯ ಮೇಲೆ ಚಾಚಾ. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ರುಮಾಲು ಸುತ್ತಿದ ಒಬ್ಬ ಯಜಮಾನರು. ಚಿಟಗುಪ್ಪದವರಂತೆ, ಬಸುರಿ ಮಗಳ ಕುಬಸಕ್ಕೆ ಹಸಿರು ಬಳೆ ಒಯ್ಯಲು ಬಂದಿದ್ದರು. ನಡುವೆ ನಾನು — ಹದಿನೆಂಟು ದಿನದಿಂದ ಮೌನವ್ರತದಲ್ಲಿದ್ದ ಬಳೆಗಾರ ಶರಣಪ್ಪ.

ಮೌನವ್ರತದವನು ಮಾತಾಡಿದ್ದು ಹೇಗೆ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು.

ಆ ವ್ರತ ನಾನು ಹಿಡಿದದ್ದಲ್ಲ, ನನಗೆ ಹಿಡಿಸಿದ್ದು. ಶ್ರಾವಣದ ಮೊದಲ ದಿನ ಮಠದ ಸ್ವಾಮಿಗಳಾದ ಅಪ್ಪಾವರು ಪ್ರವಚನದಲ್ಲಿ, ಒಂದು ತಿಂಗಳ ಮಟ್ಟಿಗೆ ಒಬ್ಬೊಬ್ಬರು ಒಂದೊಂದು ಚಟ ಬಿಡಿರಿ ಎಂದರು. ಒಬ್ಬ ತಂಬಾಕು ಬಿಟ್ಟ, ಒಬ್ಬ ಚಹಾ ಬಿಟ್ಟ. ಹೆಂಗಸರ ಕಡೆಯಿಂದ ನನ್ನ ಹೆಂಡತಿ ಕಾಶಮ್ಮ ಎದ್ದು ನಿಂತಳು. "ನಮ್ಮನಿಯವರು ಮಾತ ಬಿಡತಾರ್ರಿ ಅಪ್ಪಾರ."

ಮಠವೆಲ್ಲ ನಕ್ಕಿತು. ಅಪ್ಪಾವರೂ ನಕ್ಕರು. ನಕ್ಕ ಮೇಲೆ ವಿಭೂತಿ ಹಚ್ಚಿಯೇಬಿಟ್ಟರು.

ಮನೆಗೆ ಹೋಗುವಾಗ ದಾರಿಯಲ್ಲಿ ನಾನು ಅವಳ ಮೇಲೆ ಸಿಟ್ಟು ಮಾಡಬೇಕಿತ್ತು, ಆದರೆ ವ್ರತ ಆಗಲೇ ಶುರುವಾಗಿತ್ತು. "ನೋಡ್ರಿ, ಈಗ ಎಷ್ಟ ಛಂದ ಕಾಣಾಕತ್ತೀರಿ" ಎಂದಳು ಅವಳು.

ಮೊದಲ ವಾರ ನನ್ನ ಅಂಗಡಿಯಲ್ಲಿ ಒಂದು ವಿಚಿತ್ರ ನಡೆಯಿತು. ಶ್ರಾವಣವೆಂದರೆ ಬಳೆಯ ಸುಗ್ಗಿ. ಬಳೆ ಇಡಿಸಿಕೊಳ್ಳಲು ಬರುವ ಹೆಂಗಸರು ಚೌಕಾಶಿ ಮಾಡದೆ ಹೋದದ್ದೇ ಇಲ್ಲ. ನಾನೂ ಎರಡು ಮಾತು ಆಡಿ ಐದು ರೂಪಾಯಿ ಇಳಿಸದೆ ಬಿಟ್ಟದ್ದಿಲ್ಲ. ಈಗ ಬಾಯಿಲ್ಲ. ಬೆರಳು ತೋರಿಸಿದ್ದೇ ರೇಟು. ಅವರು ಕೂಗಾಡಿ, ದಣಿದು, ಪೂರ್ತಿ ದುಡ್ಡು ಕೊಟ್ಟು ಹೋಗತೊಡಗಿದರು. ಗಲ್ಲಾ ನೋಡಿ ಕಾಶಮ್ಮನಿಗೆ ದೇವರ ಮೇಲಿನ ಭಕ್ತಿ ಇಮ್ಮಡಿಯಾಯಿತು.

ಎರಡನೇ ವಾರ ಇನ್ನೊಂದು ಶುರುವಾಯಿತು. ಮುಂಗೈ ನನ್ನ ಕೈಯಲ್ಲಿ, ಬಳೆ ಗೆಣ್ಣಿನ ಹತ್ತಿರ, ಹೆಂಗಸರು ಸುಮ್ಮನೆ ಕೂಡುವುದು ಹೇಗೆ? "ಶರಣಪ್ಪ ಬಾಯಿ ಬಿಡಂಗಿಲ್ಲ, ಅವನ ಮುಂದ ಏನರೆ ಹೇಳ್ರಿ" ಎಂದು ಯಾರೋ ಅಂದರು. ಅಷ್ಟೇ ಸಾಕಾಯಿತು. ಅತ್ತೆಯ ಬೇಳೆಗೆ ಎರಡು ಸಲ ಉಪ್ಪು ಹಾಕಿದವಳು ಹೇಳಿಕೊಂಡಳು. ಆ ಬೇಳೆಯನ್ನು ಛಲೋ ಆಗೇದ ಎಂದು ಹಟಕ್ಕೆ ಬಿದ್ದು ಎರಡು ಸಲ ಹಾಕಿಸಿಕೊಂಡು ಉಂಡ ಅತ್ತೆ, ಸಂಜೆಗೆ ಬಂದು ತಾನೂ ಹೇಳಿಕೊಂಡಳು. ನಾನು ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದೆ. ಅವರು ಅದನ್ನು ವೈರಾಗ್ಯ ಎಂದುಕೊಂಡರು. ನಾನು ನಗು ತಡೆಯುತ್ತಿದ್ದೆ.

ಆ ವಾರವೇ ನೀಲಮ್ಮ ಅಕ್ಕ ಬಂದದ್ದು.

ನಮ್ಮ ಓಣಿಯವಳು, ನನಗಿಂತ ಹತ್ತು-ಹನ್ನೆರಡು ವರ್ಷ ದೊಡ್ಡವಳು. ಬಾಯಲ್ಲಿ ಮೂರು ಹಲ್ಲು ಉಳಿದಿದ್ದವು, ಅವೂ ಒಂದರ ಎದುರಿಗೆ ಒಂದು ಇರಲಿಲ್ಲ. ಗಂಡ ಬಸವಂತಪ್ಪ ಮಾಮಾನಿಗೆ ಮಾತ್ರ ಮೂವತ್ತೆರಡೂ ಭದ್ರ. ಅವಳ ಎದುರಿಗೆ ಕೂತು ಕಬ್ಬು ಸಿಗಿದು ತಿನ್ನುವ ಮನುಷ್ಯ. ಹಲ್ಲು ಕಟ್ಟಿಸು ಎಂದು ಅವಳು ಕೇಳಿದಾಗ, "ಈ ವಯಸ್ಸಿನಾಗ ಯಾರಿಗಿ ತೋರಸಬೇಕಂತಿ" ಎಂದಿದ್ದ.

"ತೋರಸಾಕಲ್ಲ ತಮ್ಮಾ, ರೊಟ್ಟಿ ತಿನ್ನಾಕ" ಎಂದು ನನ್ನೆದುರು ಅಂದಳು. "ಎಷ್ಟ ವರ್ಷ ಹಾಲಾಗ ನೆನಸಿ ತಿನ್ನಲಿ?" ಆಮೇಲೆ ಸುತ್ತ ನೋಡಿ, ದನಿ ಇಳಿಸಿ ಹೇಳಿದಳು. ಆರು ವರ್ಷದಿಂದ ಸಗಣಿಯ ಕುಳ್ಳು ಮಾರಿದ ದುಡ್ಡು, ಉಳಿದ ಹಾಲು ಮಾರಿದ ದುಡ್ಡು ಕೂಡಿಡುತ್ತಿದ್ದಾಳೆ. ಎಲ್ಲಿ? ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯಲ್ಲಿ, ಹಿಂಡಿಯ ಕೆಳಗೆ, ಪ್ಲಾಸ್ಟಿಕ್ ಚೀಲ ಕಟ್ಟಿ. ಯಾಕೆಂದರೆ ಬಸವಂತಪ್ಪ ಮಾಮಾನಿಗೆ ಶೇಂಗಾ ಆಗುವುದಿಲ್ಲ; ಶೇಂಗಾದ ವಾಸನೆ ಬಂದರೆ ಎಂಥ ಮದುವೆಯ ಪಂಕ್ತಿಯಿಂದಲೂ ಎದ್ದು ಹೋಗುತ್ತಾನೆ. "ಆ ಡಬ್ಬಿ ಹತ್ತರ ಅವ ಸತ್ರೂ ಬರಂಗಿಲ್ಲ. ಇನ್ನ ಎರಡ ಸಾವಿರ ಆದ್ರ ಡಾಕ್ಟರ ಕೇಳಿದಷ್ಟ ಆಗ್ತದ. ಸುಜಾತಾಗ ಬಿಟ್ರ ಯಾರಿಗೂ ಗೊತ್ತಿಲ್ಲ. ಚಿಲ್ಲರ ನೋಟ ಮಾಡಿಸ್ಕೊಂಡ ಬರಾಕಿ ಅಕಿನೇ." ನಕ್ಕಳು, ಸೆರಗು ಬಾಯಿಗೆ ಹಿಡಿದು. "ನೀ ಮಾತಾಡಂಗಿಲ್ಲ ಅಂತ ಹೇಳಿದೆ ನೋಡು."

ನಾನು ಕಣ್ಣು ಮುಚ್ಚಿ ತಲೆ ಆಡಿಸಿದೆ.

ಇನ್ನು ಗುರುವಾರದ ವಿಷಯ. ಪ್ರತಿ ಗುರುವಾರ ನಾನು ಮಾಲು ತರಲು ಹುಮನಾಬಾದಿಗೆ ಹೋಗುತ್ತೇನೆ. ಮೊದಲ ಗುರುವಾರ ಬಸ್ಸು ಊರು ದಾಟಿ ಹೈವೇ ಹತ್ತಿದಾಗ ನನಗೊಂದು ವಿಚಾರ ಬಂತು — ವ್ರತ ಹಿಡಿದದ್ದು ಕಲ್ಯಾಣದ ಮಠದಲ್ಲಿ. ಕೇಳಿದವರು ಕಲ್ಯಾಣದವರು. ಹುಮನಾಬಾದಿನವರಿಗೆ ನಾನು ಯಾವ ಮಾತನ್ನೂ ಕೊಟ್ಟಿಲ್ಲ. ಪಂಡಿತರಿಗೂ ಹೊಳೆಯದ ಈ ಸೂಕ್ಷ್ಮ ನನಗೆ ಹೊಳೆದದ್ದಕ್ಕೆ ಎಷ್ಟು ಹೆಮ್ಮೆಯಾಯಿತೆಂದರೆ, ಅದನ್ನು ಪಕ್ಕದ ಸೀಟಿನ ಪರವೂರಿನವರಿಗೆ ಅಲ್ಲೇ ವಿವರಿಸಿದೆ. ಮೂರನೇ ಗುರುವಾರದ ಹೊತ್ತಿಗೆ ಬಸ್ಸು ಸ್ಟ್ಯಾಂಡು ಬಿಡುವ ಮೊದಲೇ ಮಾತು ಶುರುವಾಗುತ್ತಿತ್ತು.

ಚಾಚಾ ಹಳೆಯ ಗೆಳೆಯ. "ಆವೋ ಗೂಂಗೇ", ಬಾರೋ ಮೂಕ ಎಂದು ಕರೆದು ಚಹಾ ತರಿಸಿದ. "ಹೇಳ್ರಿ, ಈ ವಾರ ನಿಮ್ಮೂರಾಗ ಏನ್ ನಡದದ?"

ನಾನು ಹೇಳಿದೆ. ಹೆಸರು ಹೇಳಲಿಲ್ಲ — ಅದೊಂದು ಪುಣ್ಯ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. 'ಒಬ್ಬಾಕಿ' ಎಂದೆ. ನಮ್ಮಜ್ಜ ಕಥೆ ಹೇಳುವಾಗ ದನಿ ಏರಿಸಿ ಇಳಿಸಿ, ನಡುವೆ ನಿಲ್ಲಿಸಿ ಕೇಳುವವರ ಮುಖ ನೋಡುತ್ತಿದ್ದ, ಹಾಗೆಯೇ ಹೇಳಿದೆ. ಮೂರು ಹಲ್ಲಿನಿಂದ ರೊಟ್ಟಿ ಕಡಿಯುವುದನ್ನು ಮಾಡಿ ತೋರಿಸಿದೆ. ಗಂಡ ಮೂಗು ಮುಚ್ಚಿ ಶೇಂಗಾದಿಂದ ಓಡುವುದನ್ನು ಎದ್ದು ನಿಂತು ತೋರಿಸಿದೆ. ಡಬ್ಬಿಯ ತಳದವರೆಗೂ ಹೋದೆ. ಚಾಚಾ ಕಣ್ಣೀರು ಬರುವ ಹಾಗೆ ನಕ್ಕ. ಆದರೆ ಅವನಿಗಿಂತ ಜಾಸ್ತಿ ನಕ್ಕವರು ಚಿಟಗುಪ್ಪದ ಯಜಮಾನರು. "ಆಮ್ಯಾಲ? ಆಮ್ಯಾಲ ಏನ್ ಮಾಡದಳ್ರಿ?" ಎಂದು ಸ್ಟೂಲನ್ನು ಹತ್ತಿರ ಎಳೆದುಕೊಂಡರು. "ಶೇಂಗಾ ಕಂಡ್ರ ಓಡತಾನ?" ಎಂದು ಎರಡು ಸಲ ಕೇಳಿದರು. ಚಹಾದ ದುಡ್ಡು ಅವರೇ ಕೊಟ್ಟರು.

ಹದಿನೆಂಟು ದಿನ ನಮ್ಮೂರಲ್ಲಿ ನನ್ನ ಮಾತಿಗೆ ಯಾರೂ ನಕ್ಕಿರಲಿಲ್ಲ. ಹಸಿದವನಿಗೆ ತಟ್ಟೆ ಸಿಕ್ಕ ಹಾಗೆ — ಇಲ್ಲ, ಅದು ನೆಪವಾಗುತ್ತದೆ. ನಗಿಸಬೇಕಿತ್ತು, ನಗಿಸಿದೆ.

ನಮ್ಮ ಸೀಮೆಯಲ್ಲಿ ಶೇಂಗಾ ಕಂಡರೆ ಓಡುವ ಗಂಡಸರು ಎಷ್ಟು ಜನ ಇರುತ್ತಾರೆ ಎಂದು ನಾನು ಯೋಚಿಸಲಿಲ್ಲ. ಇರುವುದು ಒಬ್ಬನೇ. ಆ ಒಬ್ಬನ ತಂಗಿಯ ಗಂಡ ಈ ಯಜಮಾನರು. ಕುಬಸ ಅವನ ಸೋದರ ಸೊಸೆಯದು.

ಭಾನುವಾರ ಕುಬಸದ ಊಟದಲ್ಲಿ ಈ ಯಜಮಾನರು ಬಸವಂತಪ್ಪ ಮಾಮಾನಿಗೆ ಎಲ್ಲರೆದುರು ನಗುನಗುತ್ತ ಹೇಳಿದರಂತೆ. ಯಾರಿಂದ ಕೇಳಿದ್ದೆಂದು ಮಾತ್ರ ಹೇಳಲಿಲ್ಲ — ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ. ಸೋಮವಾರ ಮಾಮಾ ಮೂಗಿಗೆ ಟವೆಲ್ ಸುತ್ತಿಕೊಂಡು, ಉಸಿರು ಬಿಗಿಹಿಡಿದು ಡಬ್ಬಿ ಬಿಚ್ಚಿದ. ದುಡ್ಡು ಕಂಡು ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಭಕ್ತನಾಗಿಬಿಟ್ಟ. ಪೂರ್ತಿ ಗಂಟನ್ನು ಮಠಕ್ಕೆ ಒಯ್ದು ಶ್ರಾವಣದ ಮುಕ್ತಾಯದ ಹೋಳಿಗೆ ದಾಸೋಹಕ್ಕೆ ಕೊಟ್ಟ.

"ಒಬ್ಬಾಕಿ ಹಲ್ಲಿಗಿ ಹಾಕೋದಕಿಂತ ಸಾವಿರ ಮಂದಿ ಹೊಟ್ಟಿಗಿ ಹಾಕಿದ್ರ ಪುಣ್ಯ. ಹೋಳಿಗಿ ತಿನ್ನಾಕ ಹಲ್ಲೂ ಬೇಕಾಗಿಲ್ಲ" ಎಂದು ಅವನ ತರ್ಕ.

ನೀಲಮ್ಮ ಅಕ್ಕ ಸೊಸೆಯ ಮುಂದೆ ನಿಂತು ಒಂದೇ ಮಾತು ಅಂದಳಂತೆ: "ನಿನಗ ಬಿಟ್ರ ಯಾರಿಗಿ ಗೊತ್ತಿತ್ತು?" ಸುಜಾತಾ ದೇವರ ಮೇಲೆ ಆಣೆ ಮಾಡಿದಳು. ಇನ್ನೊಬ್ಬನಿಗೆ ಗೊತ್ತಿದೆ ಎಂಬುದು ಅಕ್ಕನಿಗೆ ನೆನಪಿಲ್ಲದೇ ಇರಲಿಲ್ಲ. ಆದರೆ ಅವನು ಮೌನವ್ರತದಲ್ಲಿದ್ದಾನಲ್ಲ.

ಮುಕ್ತಾಯದ ದಿನ ಮಠ ತುಂಬಿತ್ತು. ಮೈಕಿನಲ್ಲಿ ಬಸವಂತಪ್ಪನವರ ಹೋಳಿಗೆ ಸೇವೆಯನ್ನು ಮೂರು ಸಲ ಸಾರಿದರು. ಆಮೇಲೆ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅಪ್ಪಾವರು ಮೈಕನ್ನು ನನ್ನ ಬಾಯಿಗೆ ಹಿಡಿದು, "ಒಂದ ತಿಂಗಳ ತಡದಿ. ಈಗ ಮೊದಲನೇ ಮಾತು ಏನ ಆಡತಿ ಶರಣಪ್ಪಾ?" ಎಂದರು.

ಹೆಂಗಸರ ಕಡೆ ಅತ್ತೆ ಒಂದು ಮೂಲೆಗೆ, ಸೊಸೆ ಇನ್ನೊಂದು ಮೂಲೆಗೆ ಕೂತಿದ್ದರು. ಸುಜಾತಾಳ ಕಣ್ಣು ಬಾತಿದ್ದವು. ಆಗಲೇ — ಆ ಕ್ಷಣವೇ — ಒಂದು ವಾಕ್ಯ ಸಾಕಾಗಿತ್ತು. ಮೈಕೂ ಇತ್ತು.

"ತಾಳ್ಮಿ ಭಾಳ ದೊಡ್ಡದ ನೋಡ್ರಿ" ಎಂದೆ.

ಚಪ್ಪಾಳೆ ಬಿತ್ತು. ನೀಲಮ್ಮ ಅಕ್ಕನೂ ಚಪ್ಪಾಳೆ ಹೊಡೆದಳು. ಪಂಕ್ತಿಯಲ್ಲಿ ನಾನು ನಾಲ್ಕು ಹೋಳಿಗೆ ತಿಂದೆ. ಎದುರು ಸಾಲಿನಲ್ಲಿ ಅವಳು ಒಂದನ್ನು ಹಾಲಿನಲ್ಲಿ ಕಿವುಚುತ್ತ ಕೂತಿದ್ದಳು.

ನನ್ನ ಖರೇ ಮೌನ ಶುರುವಾದದ್ದು ವ್ರತ ಮುಗಿದ ಮೇಲೆ. ದೀಪಾವಳಿಗೆ ಮೊದಲೇ ಸುಜಾತಾ ಮತ್ತು ಅವಳ ಗಂಡ ಅತ್ತೆ-ಮಾವನಿಂದ ಬೇರೆಯಾಗಿ ರಾಜೇಶ್ವರಕ್ಕೆ ಹೋದರು. ಅವನು ಅಲ್ಲಿ ಪಂಪುಸೆಟ್ ರಿಪೇರಿ ಅಂಗಡಿ ಹಾಕಿದ. ಹಬ್ಬಕ್ಕೆ ಬಂದರೆ ಬೆಳಿಗ್ಗೆ ಬಂದು ಸಂಜೆಯ ಬಸ್ಸಿಗೆ ಹೋಗುವರು. ನಾನು ಹೊರಗೆ ಚಹಾ ಕುಡಿಯುವುದನ್ನು ಬಿಟ್ಟು ಆ ದುಡ್ಡು ಕೂಡಿಡತೊಡಗಿದೆ — ಅಕ್ಕನ ಹಲ್ಲಿಗೆಂದು. ಒಳ್ಳೆಯವನಾಗುವುದಕ್ಕೆ ಇದು ಸುಲಭದ ದಾರಿಯಾಗಿತ್ತು. ಇದರಲ್ಲಿ ಬಾಯಿ ತೆರೆಯಬೇಕಿರಲಿಲ್ಲ. ದಿನಾ ಪೂಜೆಯಲ್ಲಿ ಕೂತಾಗ ನಾಳೆ ಹೇಳುತ್ತೇನೆ ಎಂದು ಲಿಂಗದೆದುರು ಅಂದುಕೊಳ್ಳುತ್ತಿದ್ದೆ. ಎಷ್ಟು ನಾಳೆಗಳು... ಜನ ಮಾತ್ರ ಶರಣಪ್ಪ ವ್ರತದಿಂದ ಸುಧಾರಿಸಿದ ಎಂದರು.

ಈ ಸಲದ ಪಂಚಮಿಗೆ ನೀಲಮ್ಮ ಅಕ್ಕ ಬಳೆಗೆ ಬಂದಳು. ಮೂರರಲ್ಲಿ ಒಂದು ಹಲ್ಲು ಉಳಿದಿತ್ತು. ಕೈ ಚಾಚಿ ಕೂತು, "ಅಕಿ ಒಬ್ಬಾಕಿ ಬಾಯಿ ಬಿಗಿ ಹಿಡದಿದ್ರ ಇವತ್ತ ಎಲ್ಲಾರೂ ಒಂದ ಮನ್ಯಾಗ ಉಣ್ಣತಿದ್ದಿವಿ. ಬಾಯಿ ಇದ್ರ ನಿನ್ನಂಗ ಇರಬೇಕ ತಮ್ಮಾ" ಎಂದಳು.

ಬಳೆ ಅವಳ ಗೆಣ್ಣಿನ ಮೇಲಿತ್ತು. ಮುಂದೆ ತಳ್ಳಲು ನನ್ನಿಂದಾಗಲಿಲ್ಲ. ಹೇಳಿದೆ. ಹುಮನಾಬಾದು, ಚಾಚಾ, ರುಮಾಲಿನ ಯಜಮಾನರು, ಎಲ್ಲ. ಈ ಸಲ ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

ಅವಳು ಕೇಳಿದಳು, "ಎಷ್ಟ ಮಂದಿ ನಕ್ಕರು?"

"ಇಬ್ಬರು ಅಕ್ಕಾ."

"ನೀ?"

"ನಾನೂ ನಕ್ಕೆ."

ಒಳಗಿಂದ ಕೂಡಿಟ್ಟ ದುಡ್ಡು ತಂದು ಅವಳ ಮುಂದಿಟ್ಟೆ. ನೋಡಿದಳು, ಮುಟ್ಟಲಿಲ್ಲ. "ಹಲ್ಲಿಲ್ಲಂತ ಹಾಲಾಗ ನೆನಸಿ ತಿಂದೆ. ಸೊಸಿ ಇಲ್ಲದ ಏಳ ವರ್ಷ ಯಾತರಾಗ ನೆನಸಲಿ?" ಎಂದಳು. ಅರ್ಧ ಏರಿದ ಬಳೆಯನ್ನು ತಾನೇ ಇಳಿಸಿ ಗಾಜಿನ ಪೆಟ್ಟಿಗೆಯ ಮೇಲಿಟ್ಟಳು. "ದುಡ್ಡ ಬ್ಯಾಡ ಅನ್ನೋವಷ್ಟ ದೊಡ್ಡಾಕಿ ನಾ ಅಲ್ಲ, ತೊಗೋತೀನಿ. ಮೊದಲ ರಾಜೇಶ್ವರಕ್ಕ ಹೋಗಿ ಅಕಿ ಮುಂದ ಹೇಳಿ ಬಾ. ಇದ್ದದ್ದ ಇದ್ದಂಗ ಹೇಳು, ಕಥಿ ಮಾಡಬ್ಯಾಡ."

ಮರುದಿನವೇ ಹೋದೆ. ಬಸ್ಸಿನಲ್ಲಿ ಪಕ್ಕದವನು ಎಲ್ಲಿಗೆ ಹೊರಟಿರಿ ಎಂದು ಎರಡು ಸಲ ಕೇಳಿದ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಸುಜಾತಾ ರೊಟ್ಟಿ ಬಡಿಯುತ್ತಿದ್ದಳು. ನಾನು ಹೇಳಿ ಮುಗಿಸುವ ತನಕ ಬಡಿಯುವ ಕೈ ನಿಲ್ಲಿಸಲಿಲ್ಲ. ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, ಬೆನ್ನು ಮಾಡಿಕೊಂಡೇ ಅಂದಳು: "ಏಳ ವರ್ಷನೂ ನಾ ನಿಮ್ಮ ಅಂಗಡ್ಯಾಗೇ ಬಳಿ ಇಡಸ್ಕೊಂಡೀನ್ರಿ ಕಾಕಾ. ವರ್ಷಕ್ಕ ಎರಡ ಸಲ ನನ್ನ ಕೈ ಹಿಡದೀರಿ."

ಚಹಾ ಮಾಡಿ ನನ್ನ ಮುಂದಿಟ್ಟು ಒಳಗೆ ಹೋದಳು. ಏಳು ವರ್ಷದ ಮೇಲೆ ಹೊರಗಿನ ಚಹಾ, ಒಬ್ಬನೇ ಕೂತು ಕುಡಿದೆ. ಬೇಡ ಎನ್ನುವ ಹಕ್ಕು ನನಗಿರಲಿಲ್ಲ.

ಊರಿಗೆ ಬಂದು ದುಡ್ಡು ಕೊಟ್ಟೆ. ಅಕ್ಕ ಎರಡು ಸಲ ಎಣಿಸಿಕೊಂಡಳು. ಅಂದಿನಿಂದ ನನ್ನೊಡನೆ ಮಾತಾಡಿಲ್ಲ. ಮಾತಾಡಿಸು ಎಂದು ನಾನು ಕೇಳುವವನೂ ಅಲ್ಲ. ಮುಂದಿನದನ್ನು ನನಗೆ ಹೇಳಿದವಳು ಕಾಶಮ್ಮ.

ಎಂಟು ದಿನದ ಮೇಲೆ ನೀಲಮ್ಮ ಅಕ್ಕ ಒಬ್ಬಳೇ ರಾಜೇಶ್ವರಕ್ಕೆ ಹೋದಳು. ಸಂಜೆಗೆ ಬರುತ್ತೇನೆ ಎಂದವಳು ಐದು ದಿನ ಉಳಿದಳು. ಹೊರಡುವ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುಜಾತಾ ಗದ್ದಲದಲ್ಲಿ ನುಗ್ಗಿ, ಮುಖ ಒರೆಸುವ ದಸ್ತಿಯನ್ನು ಕಿಟಕಿಯಿಂದ ಸೀಟಿನ ಮೇಲೆ ಒಗೆದು ಅತ್ತೆಗೆ ಜಾಗ ಹಿಡಿದಳು. ಅತ್ತೆ ಹತ್ತಿ ಕೂತು, ದಸ್ತಿ ಮಡಚಿ ತಿರುಗಿ ಕೊಡಬೇಕೆನ್ನುವಷ್ಟರಲ್ಲಿ ಬಸ್ಸು ಹೊರಟಿತು. ಅದನ್ನು ಕೊಡಲು ಇನ್ನೊಮ್ಮೆ ಹೋಗಬೇಕಂತೆ.