ಖಂಡೇಪೂಜೆಗೆ ಬಂದ ಬಂದೂಕುಗಳು

ನಾನು ಬೇವೂರಿನ ಕಮ್ಮಾರ. ಆದರೆ ಕುಡಗೋಲು ಬಡಿಯುವವನೆಂದು ಯಾರಾದರೂ ಅಂದರೆ ಮುಖ ಊದಿಸಿಕೊಳ್ಳುತ್ತಿದ್ದೆ. ಹೊಲಕ್ಕೆ ನುಗ್ಗುವ ಹಂದಿ ಓಡಿಸಲು ಊರವರಿಗೆ ಮದ್ದು ತುಂಬುವ ಬಂದೂಕು ಮಾಡಿಕೊಡುತ್ತಿದ್ದೆನಲ್ಲ, ಅದರ ಸೊಕ್ಕು. ಅವು ಗುರಿಗೆ ಹೊಡೆದದ್ದಕ್ಕಿಂತ ಸದ್ದು ಮಾಡಿದ್ದೇ ಹೆಚ್ಚು.

ನಿಜಾಮರ ಕಾಲ. ದೊಡ್ಡ ಯುದ್ಧ ನಡೆದು ಕಬ್ಬಿಣ ಸಿಗದೆ ನನ್ನ ಕುಲುಮೆ ಆರಿಹೋಗಿತ್ತು. ಆಗ ಯಲಬುರ್ಗಿಯಿಂದ ಬಂದವನೊಬ್ಬ ಒಂದೇ ಹಲಗೆ ಬಾರಿಸಿ ಎರಡು ಡಂಗುರ ಸಾರಿದ. ಬೆಳೆ ಕಾಯುವ ಬಂದೂಕು ಮಾಡುವವರಿಗೆ ಸರ್ಕಾರ ಕಬ್ಬಿಣ, ಇದ್ದಿಲು ಪುಕ್ಕಟೆ ಕೊಡುತ್ತದೆ, ಪೊಲೀಸ್ ಠಾಣೆಯ ಅಮೀನರು ಕೆಲಸ ನೋಡಿ ಶಿಫಾರಸು ಮಾಡಬೇಕು. ಪರವಾನಗಿ ಇಲ್ಲದ ಬಂದೂಕುಗಳನ್ನು ಸರ್ಕಾರ ಜಪ್ತಿ ಮಾಡುತ್ತದೆ. ಮೊದಲನೆಯದು ಕಿವಿಗೆ ಬಿದ್ದ ಮೇಲೆ ಎರಡನೆಯದು ನನಗೆಲ್ಲಿ ಕೇಳಬೇಕು?

ಮಹಾನವಮಿಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಊರಿನ ಕಬ್ಬಿಣದ ಸಾಮಾನೆಲ್ಲ ನನ್ನ ಕುಲುಮೆಯ ಮುಂದೆ ಬರುವುದು ರೂಢಿ. ಈ ಸಲ ಬಂದೂಕೂ ತನ್ನಿರೆಂದು ಮನೆಮನೆಗೆ ಹೋಗಿ ಹೇಳಿದೆ, ಅಮೀನರನ್ನೂ ಕರೆದೆ. ಅಂಜಿದವರಿಗೆ, ಮಾಡುವವನಿಗೆ ಕಬ್ಬಿಣ ಕೊಡುವ ಸರ್ಕಾರ ಇಟ್ಟುಕೊಂಡವರಿಗೆ ಏನು ಮಾಡೀತು ಎಂದು ಧೈರ್ಯ ತುಂಬಿದೆ. ಎರಡೂ ಡಂಗುರ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಬೇಡವೆಂದಳು. ಸರ್ಕಾರದ ವ್ಯವಹಾರ ನಿನಗೇನು ತಿಳಿಯುತ್ತದೆಂದು ಅವಳ ಬಾಯಿ ಮುಚ್ಚಿಸಿದೆ. ಹನ್ನೊಂದು ಬಂದೂಕು ಬಂದವು. ಒಂದೊಂದಕ್ಕೂ ವಿಭೂತಿ ಹಚ್ಚಿ, ಚೆಂಡುಹೂವು ಸಿಕ್ಕಿಸಿ ಸಾಲಾಗಿ ನಿಲ್ಲಿಸಿದೆ.

ಅಮೀನರು ಎಲ್ಲವನ್ನೂ ಎತ್ತಿ ನೋಡಿದರು. 'ಕೆಲಸ ಭಾಳ ಛಲೋ ಐತಿ. ಎಲ್ಲಾ ನೀನ ಮಾಡೀಯೇನು?' ಎಂದರು.

'ಹೌದ್ರಿ ಸಾಹೇಬ್ರ. ಯಾವುದು ಯಾರ ಮನೀದು, ಅದೂ ಬಾಯಿಪಾಠ ಐತ್ರಿ ನನಗ' ಎಂದು ಬೀಗಿದೆ.

ಅವರು ಕಾರಕೂನನಿಗೆ ಬರೆದುಕೊಳ್ಳಲು ಹೇಳಿದರು. ನಾನೇ ಹೆಸರು ಬರೆಸಿದೆ, ಅಪ್ಪನ ಹೆಸರಿನ ಸಮೇತ. ಆಮೇಲೆ ಅವರು ಪರವಾನಗಿ ಕೇಳಿದರು. ಒಬ್ಬರ ಬಳಿಯೂ ಇರಲಿಲ್ಲ. ಹನ್ನೊಂದೂ ಹೂವಿನ ಸಮೇತ ಠಾಣೆಯ ಚಕ್ಕಡಿ ಹತ್ತಿದವು.

ಅಮೀನರು ನ್ಯಾಯವಂತರು, ನನ್ನ ಶಿಫಾರಸನ್ನೂ ಮಾಡಿದರು. ಕಬ್ಬಿಣ ಬಂತು. ಮೊದಲ ಕೆಲಸ ಠಾಣೆಯದೇ: ಜಪ್ತಿಯಾದ ಬಂದೂಕುಗಳನ್ನು ಕಟ್ಟಿಹಾಕಲು ಉದ್ದನೆಯ ಸರಪಳಿ. ಕುಲುಮೆ ಮತ್ತೆ ಉರಿಯಿತೆಂದು ಖುಷಿಪಟ್ಟೆ, ಸುಳ್ಳೇಕೆ ಹೇಳಲಿ. ಒಯ್ದಾಗ ಅದನ್ನು ಹಾಕುವ ಕೆಲಸವನ್ನೂ ನನಗೇ ಹೇಳಿದರು. ಒಂದೊಂದೇ ಬಂದೂಕಿಗೆ ಸರಪಳಿ ತೂರಿಸುತ್ತ ಹೋದೆ. ಒಣಗಿದ ಚೆಂಡುಹೂವುಗಳು ಇನ್ನೂ ಹಾಗೇ ಇದ್ದವು. ಯಾರೂ ನೋಡದಂತೆ ಅವನ್ನು ಕಿತ್ತು ಕಿಸೆಗೆ ಹಾಕಿಕೊಂಡೆ.

ಆ ವರ್ಷ ಊರವರೆಲ್ಲ ತಗಡಿನ ಡಬ್ಬಿ ಬಡಿದು ಹಂದಿ ಓಡಿಸಿದರು. ನನ್ನ ಹೆಂಡತಿಯೂ ಒಂದು ಡಬ್ಬಿ ತಂದು ನನ್ನ ಕೈಗಿಟ್ಟಳು.

'ಇದಕ್ಕ ಪರವಾನಗಿ ಬೇಕೇನು, ಮೊದಲ ಅಮೀನರನ್ನ ಕೇಳಿಕೊಂಡು ಬರ್ರಿ' ಎಂದಳು.