ಅಪ್ಪನಿಗೊಂದು ಪ್ರೊಫೆಷನಲ್ ಮೆಸೇಜ್

'ಇಂದು ಸಂಜೆಯೊಳಗೆ ತಮ್ಮ ಒಪ್ಪಿಗೆ ತಿಳಿಸಬೇಕಾಗಿ ಕೋರಿಕೆ.'

ಇದು ಆಫೀಸಿನ ಪತ್ರವಲ್ಲ ಸ್ವಾಮಿ. ನನ್ನ ವಿದ್ಯಾರ್ಥಿನಿ ರೂಪಾ ಹೊನ್ನಾಳಿಯಲ್ಲಿರುವ ಸ್ವಂತ ಅಪ್ಪನಿಗೆ ಹಾಸ್ಟೆಲಿನಿಂದ ಕಳಿಸಿದ ವಾಟ್ಸಾಪ್ ಮೆಸೇಜಿನ ಕೊನೆಯ ಸಾಲು. ಮೊದಲ ಸಾಲು ಇನ್ನೂ ಭರ್ಜರಿ: 'ವಿಷಯ: ಎರಡು ತಿಂಗಳ ಇಂಟರ್ನ್‌ಶಿಪ್‌ಗಾಗಿ ನಾನು ಹುಬ್ಬಳ್ಳಿಗೆ ಹೊರಡುವ ಬಗ್ಗೆ.'

ಹೀಗೆ ಬರೆಯಲು ಕಲಿಸಿದ ಮಹಾತಾಯಿ ನಾನೇ. ಯೂನಿವರ್ಸಿಟಿಯ ಪತ್ರಿಕೋದ್ಯಮ ವಿಭಾಗದಲ್ಲಿ ವೃತ್ತಿಪರ ಬರವಣಿಗೆ ಪಾಠ ಮಾಡುತ್ತೇನೆ. ನಮ್ಮ ಹುಡುಗರ ಇಮೇಲ್ ನೋಡಬೇಕು ನೀವು! ವಂದನೆ, ಕ್ಷೇಮ, ಹಬ್ಬದ ಶುಭಾಶಯ ಎಲ್ಲ ಮುಗಿದ ಮೇಲೆ, ಮೂರನೇ ಪ್ಯಾರಾದಲ್ಲಿ 'ರಜೆ ಬೇಕು'. ಅದಕ್ಕೇ ದಿನಾ ಬಡಿದುಕೊಳ್ಳುತ್ತೇನೆ: 'ಸುತ್ತಿ ಬಳಸಿ ಬರೆಯಬೇಡಿ. ವಿಷಯ ಮೊದಲ ಸಾಲಿನಲ್ಲೇ ಬರಲಿ. ಉತ್ತರ ಯಾವಾಗ ಬೇಕೋ ಹೇಳಿ.'

(ಯಾರೂ ಕೇಳಿಸಿಕೊಳ್ಳುವುದಿಲ್ಲ ಅಂದುಕೊಂಡಿದ್ದೆ. ರೂಪಾ ಕೇಳಿಸಿಕೊಂಡಿದ್ದಳು.)

ಫಲ? ಅಪ್ಪ ಫೋನೇ ಎತ್ತುತ್ತಿಲ್ಲ. 'ಮೇಡಂ, ಸೋಮವಾರ ಹುಬ್ಬಳ್ಳಿ ಪತ್ರಿಕೆಯವರಿಗೆ ಹೇಳ್ಲೇಬೇಕು. ಅಪ್ಪ ಹೂಂ ಅನ್ನದಿದ್ರೆ ಬೇರೆಯವರನ್ನ ತಗಂತಾರೆ' ಎಂದು ಹುಡುಗಿ ಅತ್ತಳು.

ಭಾನುವಾರ ಬೆಳಿಗ್ಗೆ ನ್ಯಾಮತಿಯ ನಮ್ಮ ಮನೆ ಮುಂದೆ ಬೈಕ್ ನಿಂತಿತು. ಇಳಿದವರು ರೂಪಾಳ ಅಪ್ಪ ಬಸವರಾಜಪ್ಪ! ಬೈಸಿಕೊಳ್ಳಲು ಸಿದ್ಧಳಾದೆ. ಅವರು ಕೂತರು. ನೀರು ಕುಡಿದರು. ರಸ್ತೆ ಗುಂಡಿ, ಹೊಸ ತಾಲ್ಲೂಕು ಆಫೀಸು, ನಮ್ಮ ಯಜಮಾನರ ಮಂಡಿನೋವು ಎಲ್ಲ ವಿಚಾರಿಸಿದರು. ಮಗಳ ಸುದ್ದಿ ಮಾತ್ರ ಇಲ್ಲ. ಮಂಡಕ್ಕಿ ಆಯಿತು, ಚಹಾ ಆಯಿತು. ನಾನೇ ಬಾಯಿ ಬಿಡಲೇ? (ನನ್ನ ಪಾಠದ ಪ್ರಕಾರ ಬಿಡಬೇಕು. ಧೈರ್ಯ ಸಾಲಲಿಲ್ಲ.)

'ಬರ್ತೀನ್ರಿ ಮೇಡಂ' ಎಂದು ಎದ್ದರು. ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿದರು. ನಮ್ಮ ಕಡೆ ನಿಜವಾದ ಮಾತು ಹೊರಡುವುದೇ ಅಲ್ಲಿ.

'ಅಲ್ರೀ, ಹುಡುಗಿ ಒಬ್ಬಳೇ ಅಲ್ಲಿ ಹೆಂಗೆ ಇರಾಕಾಗ್ತೈತೆ?'

'ಹೆಣ್ಮಕ್ಕಳ ಪಿಜಿ ಐತ್ರಿ. ನಾನೇ ವಿಚಾರಿಸೀನಿ.'

ಸ್ವಲ್ಪ ಹೊತ್ತು ಬೈಕಿನ ಕನ್ನಡಿ ಒರೆಸಿದರು. 'ಹೋಗ್ಲಿ ಬಿಡ್ರಿ. ನಾನೇ ಕರ್ಕಂಡ್ ಹೋಗಿ ಬಿಟ್ಟು ಬರ್ತೀನಿ.'

ನನಗೆ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಮನುಷ್ಯನ ದನಿ ಸಣ್ಣದಾಯಿತು.

'ಆದ್ರೆ ಒಂದು ಮಾತು ಹೇಳ್ರಿ ಅವಳಿಗೆ. ಅಷ್ಟುದ್ದ ಬರೆದಾಳೆ. "ಊಟ ಆತಾ ಅಪ್ಪಾ" ಅಂತ ಕೇಳಾಕೆ ಏನಾಗಿತ್ತು?'

'ಊಟ ಆಯಿತಾ' ಎಂಬುದು ವಿಷಯವೇ ಅಲ್ಲ ಅಂತ ನನಗೆ ಹೇಳಿಕೊಟ್ಟವರಾದರೂ ಯಾರು?